ಹೇಳಿದಷ್ಟೇ ಮಾಡಿದ ಮರಿಯಣ್ಣ

ಅರಸೀಕೆರೆಯಲ್ಲಿ ರೈಲ್ವೆ ಗೇಟು ದಾಟಿದ ಮೇಲೆ ಎಡಗಡೆಗೆ ನಂಜಪ್ಪನವರ ಬಸ್ಸುಗಳ ಶೆಡ್ಡು ಇತ್ತು. ಬಸವಜ್ಯೋತಿ ಮೋಟಾರ್ ಸರ್ವಿಸ್ ಎಂದು ಹೆಸರು, ಒಟ್ಟು ಏಳು ಬಸ್ಸು. ಎರಡು ಕಣಕಟ್ಟೆಯ ಕಡೆಗೆ ಓಡಿದರೆ ಮೂರು ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುತ್ತಿದ್ದವು. ಇನ್ನೆರಡು ಬೇಲೂರನ್ನೂ ದಾಟಿ ಅರೇಹಳ್ಳಿ ಮುಟ್ಟಿ ಬರುತ್ತಿದ್ದವು. ನಂಜಪ್ಪನವರ ಅಕ್ಕನ ಮಗ ಇಂದುಧರ ಬಿ.ಕಾಂ. ಮುಗಿಸಿ, ತುಮಕೂರಿನಲ್ಲಿ ಎರಡು ವರ್ಷ ಯಾವುದೋ ಕಚೇರಿಯಲ್ಲಿ ಕೂತೆದ್ದು, ೧೯೯೪ರಲ್ಲಿ ಮ್ಯಾನೇಜರ್ ಆಗಿ ಆ ಶೆಡ್ಡಿಗೆ ಬಂದ.

ಬಂದ ಮೊದಲ ವಾರವೇ ಅವನಿಗೆ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಆರು ಗಂಟೆಗೆ ಸೋದರಮಾವ ಕೈಯಲ್ಲಿ ಕಾಫಿ ಲೋಟ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಿಂತು ಮೆಕ್ಯಾನಿಕ್ ಮರಿಯಣ್ಣನನ್ನು ಕೇಳುತ್ತಿದ್ದರು.

"ಏನ್ಲಾ ಮರಿಯಣ್ಣ, ಇವತ್ತು ಯಾವ್ಯಾವ್ದು ಹೊರಡ್ಬೋದು?"

ಮರಿಯಣ್ಣ ಒಂದೊಂದು ಬಸ್ಸಿನ ಹತ್ತಿರವೂ ಹೋಗಿ ನಿಲ್ಲುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಆಮೇಲೆ, "ಆರು ಹೋಗ್ಲಿ ಯಜಮಾನ್ರೆ. ಕಣಕಟ್ಟೇದೊಂದು ಮಧ್ಯಾನ್ನದವರ್ಗೂ ನಂತಾವ ಇರ್ಲಿ" ಅನ್ನುತ್ತಿದ್ದ. ಅಷ್ಟೇ. ಕಣಕಟ್ಟೆ ಬಸ್ಸು ನಿಲ್ಲುತ್ತಿತ್ತು. ಸಂತೆಯ ದಿನವಾದರೂ ಸರಿ, ಡ್ರೈವರು ಗೊಣಗಿದರೂ ಸರಿ, ನಂಜಪ್ಪನವರು ಎರಡನೇ ಮಾತಾಡುತ್ತಿರಲಿಲ್ಲ.

ಇಂದುಧರನಿಗೆ ಇದು ಹಳೇ ಕಾಲದ ವ್ಯವಹಾರ ಅನ್ನಿಸಿತು. ಅವನಿಗೆ ತಿಳಿಯದಿದ್ದದ್ದು ಇನ್ನೊಂದಿತ್ತು. ಮರಿಯಣ್ಣ ಕಣಕಟ್ಟೆಯ ಹತ್ತಿರದ ಹಳ್ಳಿಯ ಕಾಲೊನಿಯವನು. ಅವನಪ್ಪ ಊರಿನ ಗೌಡರ ಮನೆಯಲ್ಲಿ ಜೀತಕ್ಕಿದ್ದು, ಅವರ ಹಟ್ಟಿಯಲ್ಲೇ ಸತ್ತವನು. ಮರಿಯಣ್ಣ ಅರಸೀಕೆರೆಗೆ ಬಂದು, ಬಸ್ಸು ತೊಳೆಯುವುದರಿಂದ ಶುರುಮಾಡಿ, ಯಾರೂ ಹೇಳಿಕೊಡದೆ ಕಣ್ಣಲ್ಲೇ ಕಲಿತು ಮೆಕ್ಯಾನಿಕ್ ಆದ. ತನ್ನೂರಿನ ಹೋಟೆಲಿನಲ್ಲಿ ನಡುವಯಸ್ಸಿನವರೆಗೂ ಹೊರಗೆ ನಿಂತೇ ಕಾಫಿ ಕುಡಿದವನು. ಅಂಥವನ ಒಂದು ಮಾತಿಗೆ ಈ ಶೆಡ್ಡಿನಲ್ಲಿ ಅರವತ್ತು ಜನ ಹತ್ತುವ ಬಸ್ಸು ನಿಲ್ಲುತ್ತಿತ್ತು. ಅವನಿಗೆ ತಿಂಗಳ ಕೊನೆಗೆ ಸಿಗುತ್ತಿದ್ದದ್ದು ಸಂಬಳ. ದಿನಾ ಬೆಳಿಗ್ಗೆ ಆರು ಗಂಟೆಗೆ ಸಿಗುತ್ತಿದ್ದದ್ದು ಬೇರೆಯದೇ. ಅದಕ್ಕಾಗಿ ಅವನು ಐದಕ್ಕೇ ಬಂದಿರುತ್ತಿದ್ದ. ಭಾನುವಾರವೂ ಸುಮ್ಮನಿರಲಾರದೆ ಗೇಟಿನ ಹತ್ತಿರ ಬೀಡಿ ಹಚ್ಚಿ ನಿಂತು, ಬರುವ ಬಸ್ಸುಗಳ ಸದ್ದು ಕೇಳುತ್ತಿದ್ದ.

೧೯೯೬ರ ಕೊನೆಯಲ್ಲಿ ನಂಜಪ್ಪನವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಶೆಡ್ಡು ಪೂರ್ತಿ ಇಂದುಧರನ ಕೈಗೆ ಬಂತು. ಬೆಳಗಿನ ಆ ಪ್ರಶ್ನೆ ಕೇಳುವವರು ಇಲ್ಲವಾದರು. ಆದರೂ ಮರಿಯಣ್ಣ ಕೇಳದಿದ್ದರೂ ಹೇಳುತ್ತಿದ್ದ. ಇಂದುಧರ ರಿಜಿಸ್ಟರಿನಿಂದ ತಲೆಯೆತ್ತದೆ, "ಆಯ್ತಾಯ್ತು" ಅನ್ನುತ್ತಿದ್ದ.

ಹಾಗೆ ಐದಾರು ತಿಂಗಳು ನಡೆಯಿತು. ಮುಂದಿನ ಮೇ ತಿಂಗಳಲ್ಲಿ ಆ ಮದುವೆ ಬಂತು.

ಇಂದುಧರನ ಹೆಂಡತಿಯ ಕಡೆಯವರ ಮದುವೆ ಹಳೇಬೀಡಿನಲ್ಲಿತ್ತು. ಗಂಡಿನ ದಿಬ್ಬಣಕ್ಕೆ ಶೆಡ್ಡಿನದೇ ಒಂದು ಬಸ್ಸು ಗೊತ್ತಾಗಿತ್ತು. ಬೆಳಿಗ್ಗೆ ಏಳಕ್ಕೆ ಜರತಾರಿ ಸೀರೆಯವರು, ಪೇಟದವರು, ಮಕ್ಕಳು ಮರಿ ಎಲ್ಲ ಹತ್ತಿ ಕೂತಾಗಿತ್ತು. ಡ್ರೈವರ್ ಬೋರಯ್ಯ ಹಾರ್ನ್ ಹೊಡೆದ. ಅಷ್ಟರಲ್ಲಿ ಮರಿಯಣ್ಣ ಬಸ್ಸಿನ ಅಡಿಯಿಂದ ತೆವಳಿಕೊಂಡು ಹೊರಗೆ ಬಂದು ಅಡ್ಡ ನಿಂತ.

"ಸ್ವಾಮಿ, ಇದು ಬ್ಯಾಡ. ಭಾರ ಹೊರೋ ಮುಂದ್ಗಡೆ ಸ್ಪ್ರಿಂಗಿನ ಮೇನ್ ಪ್ಲೇಟು ಸೀಳೈತೆ. ಇಷ್ಟು ಜನಾನ ತುಂಬ್ಕಂಡು ಹೋದ್ರೆ ಎಲ್ಲಿ ಕೈಕೊಡ್ತದೋ ಗೊತ್ತಿಲ್ಲ. ಒಂದು ಗಂಟೆ ಕೊಡಿ, ಬ್ಯಾರೆ ಬಸ್ಸು ತಿರುಗಿಸ್ಕೊಡ್ತೀನಿ."

ಒಂದು ಗಂಟೆ ಅಂದರೆ ಮುಹೂರ್ತಕ್ಕೆ ತಡ. ಕಿಟಕಿಯಿಂದ ತಲೆ ಹೊರಗೆ ಹಾಕಿದ ಒಬ್ಬ ಹಿರಿಯರು ಎಲ್ಲರಿಗೂ ಕೇಳುವಂತೆ, "ಏನಯ್ಯ, ಬಸ್ಸು ನಿನ್ನದೋ ಅವನದೋ?" ಎಂದರು. ಬಸ್ಸಿನೊಳಗೆ ಯಾರೋ ಕಿಸಕ್ಕೆಂದರು. ಇಂದುಧರನ ಮುಖಕ್ಕೆ ರಕ್ತ ನುಗ್ಗಿತು. ಬೀಗರ ಎದುರಿಗೆ ತಾನು ಸಣ್ಣವನಾದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನು ತನಗಿಂತ ಹದಿನೈದು ವರ್ಷ ದೊಡ್ಡವನಾದ ಮರಿಯಣ್ಣನನ್ನು ಅಷ್ಟೂ ಜನರೆದುರು ಇನ್ನೂ ಸಣ್ಣವನನ್ನಾಗಿ ಮಾಡಿದ.

"ನೋಡು ಮರಿಯಣ್ಣ, ನಿನ್ನ ಕೆಲಸ ಬಿಚ್ಚೋದು, ಜೋಡಿಸೋದು. ಯಾವ ಬಸ್ಸು ಹೋಗ್ಬೇಕು, ಯಾವುದು ಬೇಡ ಅನ್ನೋಕೆ ನಾನಿದ್ದೀನಿ. ಹೇಳಿದಷ್ಟು ಮಾಡು ಸಾಕು. ಆಚೆ ಸರಿ."

ಮರಿಯಣ್ಣ ಆಚೆ ಸರಿದ. ಬಸ್ಸು ಹೋಯಿತು. ಹೋದದ್ದು ಮಾತ್ರವಲ್ಲ, ಸಂಜೆ ಐದಕ್ಕೆ ಏನೂ ಆಗದೆ ವಾಪಸ್ಸೂ ಬಂತು. ಡ್ರೈವರುಗಳೆಲ್ಲ ಟೀ ಕುಡಿಯುತ್ತ ನಿಂತಿದ್ದರು. ಇಂದುಧರನಿಗೆ ಎದೆಯ ಭಾರ ಇಳಿದಿತ್ತು. ಇಳಿದ ಉಲ್ಲಾಸಕ್ಕೆ ಬಾಯಿ ಸುಮ್ಮನಿರಲಿಲ್ಲ.

"ಏನ್ ಮರಿಯಣ್ಣ, ಬಸ್ಸು ಬಂತಲ್ಲ? ನಿನ್ನ ಪ್ಲೇಟು ಎಲ್ಲೂ ಬಿದ್ದುಹೋಗಿಲ್ಲ ತಾನೆ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೋರಯ್ಯ. ಮರಿಯಣ್ಣನೂ ನಕ್ಕ.

ಮಾರನೆಯ ದಿನ ಮಧ್ಯಾಹ್ನ ಇಂದುಧರ ಆಫೀಸಿನಲ್ಲಿ ಟೈರು ಕಂಪನಿಯ ಏಜೆಂಟನ ಜೊತೆ ಮಾತಾಡುತ್ತ ಕೂತಿದ್ದ. ಮರಿಯಣ್ಣ ಒಳಗೆ ಬಂದು, ಗೋಣಿತಾಟಿನಲ್ಲಿ ಸುತ್ತಿದ್ದದ್ದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟ. ಆ ಪ್ಲೇಟು. ಅಡ್ಡಡ್ಡ ಸೀಳಿಹೋಗಿ ಒಂದು ಬೆರಳಗಲ ಮಾತ್ರ ಹಿಡಿದುಕೊಂಡಿತ್ತು. ಸೀಳಿನೊಳಗೆ ಹಳೆಯ ತುಕ್ಕೂ ಇತ್ತು, ನಿನ್ನೆ ಹೊಸದಾಗಿ ಹರಿದ ಕಬ್ಬಿಣದ ಬಿಳುಪೂ ಇತ್ತು. ಇಂದುಧರನಿಗೆ ಮೆಕ್ಯಾನಿಕ್ ಕೆಲಸ ಬರುತ್ತಿರಲಿಲ್ಲ. ಆದರೆ ಆ ಬಿಳುಪು ಏನು ಹೇಳುತ್ತಿದೆಯೆಂದು ತಿಳಿಯಲು ಮೆಕ್ಯಾನಿಕ್ ಆಗಬೇಕಾಗಿರಲಿಲ್ಲ. ದಿಬ್ಬಣದ ಮಕ್ಕಳು ಕಣ್ಣ ಮುಂದೆ ಬಂದರು.

ಮರಿಯಣ್ಣ ಮೇಜಿನೆದುರೇ ನಿಂತಿದ್ದ. ಏಜೆಂಟು ಕುತೂಹಲದಿಂದ ನೋಡುತ್ತಿದ್ದ. ಇಂದುಧರ ಹೇಳಬೇಕಾಗಿದ್ದದ್ದು ನಾಲ್ಕೇ ಮಾತು. ಹೇಳಿದ್ದು ಇಷ್ಟು:

"ಇದನ್ನ ಇಲ್ಲಿಗ್ಯಾಕೆ ತಂದೆ? ಮೇಜೆಲ್ಲ ಗ್ರೀಸ್ ಆಗುತ್ತೆ. ತಗೊಂಡೋಗಿ ಗುಜರಿಗೆ ಹಾಕು."

ಮರಿಯಣ್ಣ ಪ್ಲೇಟನ್ನು ಮತ್ತೆ ತಾಟಿನಲ್ಲಿ ಸುತ್ತಿಕೊಂಡ. ತಾಟಿನ ಮೂಲೆಯಿಂದಲೇ ಮೇಜಿನ ಮೇಲಿನ ಕಲೆ ಒರೆಸಿ ಹೊರಗೆ ಹೋದ.

ಅಲ್ಲಿಂದ ಮುಂದೆ ಆದದ್ದು ಒಂದೇ ದಿನದಲ್ಲಿ ಆದದ್ದಲ್ಲ. ಐದಕ್ಕೆ ಬರುತ್ತಿದ್ದವನು ಆರಕ್ಕೆ ಬಂದ, ಆಮೇಲೆ ಎಂಟಕ್ಕೆ, ಆಮೇಲೆ ಎಲ್ಲರಂತೆ ಒಂಬತ್ತಕ್ಕೆ. ಭಾನುವಾರ ಗೇಟಿನ ಹತ್ತಿರ ಕಾಣಿಸುವುದು ನಿಂತಿತು. ಬ್ರೇಕ್ ನೋಡು ಅಂದರೆ ಬ್ರೇಕನ್ನಷ್ಟೇ ನೋಡುತ್ತಿದ್ದ. ಪಕ್ಕದಲ್ಲೇ ಎಣ್ಣೆ ಸೋರುತ್ತಿದ್ದರೂ ಕೈ ಹಾಕುತ್ತಿರಲಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ನೀವು ಹೇಳ್ದಂಗೆ ಸ್ವಾಮಿ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಇಂದುಧರನಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು.

ಬಸ್ಸುಗಳು ದಾರಿಯಲ್ಲಿ ನಿಲ್ಲತೊಡಗಿದವು. ಹುಲಿಕೆರೆಯ ಹತ್ತಿರ ಒಂದೇ ತಿಂಗಳಲ್ಲಿ ಎರಡು ಸಲ ಜನ ಇಳಿದು ನಡೆದರು. ಇಂದುಧರ ತಲೆ ಕೆಡಿಸಿಕೊಂಡ. ಮೊದಲು ಸಂಬಳ ಸಾಲದೇನೋ ಅಂದುಕೊಂಡು ಜಾಸ್ತಿ ಮಾಡಿದ. ಮರಿಯಣ್ಣ ಕೈಮುಗಿದು ತೆಗೆದುಕೊಂಡ. ಕೆಲಸ ಇದ್ದ ಹಾಗೇ ಇತ್ತು. ಕುಡಿತಕ್ಕೆ ಬಿದ್ದಿರಬೇಕು ಅಂದುಕೊಂಡು ಗುಟ್ಟಾಗಿ ವಿಚಾರಿಸಿದ. ಆ ಮನುಷ್ಯ ಬೀಡಿ ಬಿಟ್ಟು ಇನ್ನೇನೂ ಮುಟ್ಟುವವನಲ್ಲ ಎಂದು ತಿಳಿಯಿತು. ಮೈಗೆ ಹುಷಾರಿಲ್ಲವೇನೋ ಎಂದು ಡಾಕ್ಟರ ಹತ್ತಿರ ಕಳಿಸಿದ. ಡಾಕ್ಟರು ಬಿ.ಪಿ. ನೋಡಿ, "ಚೆನ್ನಾಗೇ ಇದ್ದಾರಲ್ರೀ" ಎಂದು ವಾಪಸ್ಸು ಕಳಿಸಿದರು.

ಒಂದು ಸಲ ಹಾಸನದ ಹೋಟೆಲೊಂದರಲ್ಲಿ ನೌಕರರಲ್ಲಿ ಉತ್ಸಾಹ ತುಂಬುವುದು ಹೇಗೆ ಎಂಬ ಒಂದು ದಿನದ ತರಬೇತಿಗೆ ಹೋಗಿ ಬಂದ. ಟೈ ಕಟ್ಟಿದ್ದ ಭಾಷಣಕಾರರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದು, ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗಾದೆಗಳನ್ನು ಬರೆಸಿದ. ತಿಂಗಳ ಉತ್ತಮ ಕೆಲಸಗಾರನಿಗೆ ಒಂದು ಬಹುಮಾನ ಇಟ್ಟ. ಮೊದಲನೆಯ ಬಹುಮಾನ ಬೇಕೆಂದೇ ಮರಿಯಣ್ಣನಿಗೆ ಕೊಟ್ಟ, ಒಂದು ಗೋಡೆ ಗಡಿಯಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿಯಣ್ಣ ಅದನ್ನು ಮನೆಗೆ ಒಯ್ಯಲಿಲ್ಲ. ಶೆಡ್ಡಿನಲ್ಲಿ ಸ್ಪ್ಯಾನರುಗಳ ಪಕ್ಕ ಮೊಳೆಗೆ ಹಾಕಿದ. "ಮನೆಗೆ ತಗೊಂಡೋಗೋ" ಅಂದರೆ, "ನೀವು ಹೇಳ್ದಂಗೆ ಸ್ವಾಮಿ" ಅಂದ. ಆದರೆ ತೆಗೆದುಕೊಂಡು ಹೋಗಲಿಲ್ಲ. ಮದುವೆಯ ನಂತರದ ನಾಲ್ಕು ವರ್ಷದಲ್ಲಿ ಇಂದುಧರ ಹೇಳಿದ್ದನ್ನು ಅವನು ಮೀರಿದ್ದು ಅದೊಂದೇ ಸಲ.

ಕೊನೆಗೆ ಇಂದುಧರ ಒಂದು ತೀರ್ಮಾನಕ್ಕೆ ಬಂದ. ಮನುಷ್ಯನಿಗೆ ವಯಸ್ಸಾಯಿತು, ಮೈ ಜಡವಾಯಿತು, ಅಷ್ಟೇ. ಈ ತೀರ್ಮಾನ ಅವನಿಗೆ ಅನುಕೂಲವಾಗಿಯೂ ಇತ್ತು. ಮೇಜಿನ ಮೇಲೆ ಬಿದ್ದಿದ್ದ ಆ ಪ್ಲೇಟಿನ ನೆನಪು ಒಮ್ಮೊಮ್ಮೆ ಬಂದರೆ, ಅಷ್ಟು ಹಳೇ ಸಂಗತಿಗೂ ಇದಕ್ಕೂ ಏನು ಸಂಬಂಧ ಎಂದು ತಾನೇ ತಳ್ಳಿಹಾಕುತ್ತಿದ್ದ.

೨೦೦೧ರ ಆಗಸ್ಟಿನಲ್ಲಿ, ಅರೇಹಳ್ಳಿಗೆ ಇನ್ನೂ ಮೂರು ಮೈಲಿ ಇರುವಾಗ, ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಹಿಡಿಯಲಿಲ್ಲ. ಬೋರಯ್ಯ ಓಡಿಸುತ್ತಿದ್ದ. ಎಡಕ್ಕೆ ಹಳ್ಳ, ಬಲಕ್ಕೆ ಮಣ್ಣಿನ ದಿಬ್ಬ. ಅವನು ಬಲಕ್ಕೇ ತಿರುಗಿಸಿ, ತಾನು ಕೂತ ಮಗ್ಗುಲನ್ನೇ ದಿಬ್ಬಕ್ಕೆ ಕೊಟ್ಟ. ಪ್ರಯಾಣಿಕರಿಗೆ ತರಚುಗಾಯ, ಒಬ್ಬಳು ಮುದುಕಿಗೆ ಕೈ ಮುರಿತ. ಬೋರಯ್ಯನ ಬಲಗಾಲು ಮಾತ್ರ ತಗಡಿನ ನಡುವೆ ನುಜ್ಜುಗುಜ್ಜಾಯಿತು. ಹಾಸನದಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಬ್ರೇಕಿಗೆ ಹೋಗುವ ಗಾಳಿಯ ಪೈಪು ಬಹಳ ದಿನದಿಂದ ಸಣ್ಣಗೆ ಸೋರುತ್ತಿತ್ತಂತೆ. ಆ ಬಸ್ಸಿನ ಕಂಡಕ್ಟರೇ ಹೇಳಿದ: ವಾರದಿಂದ ಬಸ್ಸು ನಿಂತಾಗೆಲ್ಲ ಹಾವು ಬುಸುಗುಟ್ಟಿದ ಹಾಗೆ ಸದ್ದು ಬರುತ್ತಿತ್ತು.

ಇಂದುಧರ ಆಸ್ಪತ್ರೆಯಿಂದ ನೇರವಾಗಿ ಶೆಡ್ಡಿಗೆ ಬಂದ. ಮರಿಯಣ್ಣ ಒಂದು ಹಳೇ ಟೈರಿನ ಮೇಲೆ ಕೂತಿದ್ದ.

"ನಿನಗೆ ಕೇಳಿಸಿತ್ತಾ ಮರಿಯಣ್ಣ? ಗೊತ್ತಿದ್ದೂ ಸುಮ್ಮನಿದ್ಯಾ?"

ಮರಿಯಣ್ಣ ತಲೆಯೆತ್ತಿದ. ಅವನ ಮುಖ ನೋಡಿ ಇಂದುಧರನ ಸಿಟ್ಟು ಅಲ್ಲೇ ಕುಸಿಯಿತು.

"ಇಲ್ಲ ಸ್ವಾಮಿ. ಕೇಳಿಸ್ಲಿಲ್ಲ. ಮುಂಚೆ ಮುಂಚೆ ಕೇಳಿಸೋದು, ಹೇಳ್ತಿರ್ಲಿಲ್ಲ. ನನಗ್ಯಾಕೆ ಅಂದ್ಕೊಳ್ತಿದ್ದೆ. ಆಮೇಲಾಮೇಲೆ ಕೇಳಿಸೋದೇ ನಿಂತೋಯ್ತು. ಆ ಬಸ್ಸು ದಿನಾ ನನ್ನ ಮುಂದೇನೇ ಹೋಗ್ತಿತ್ತು ಸ್ವಾಮಿ. ದಿನಾ. ನಂಗೆ ಅದು ಬರೀ ಸದ್ದು, ಅಷ್ಟೇ."

ತನ್ನ ಕಿವಿ ತನಗೇ ದ್ರೋಹ ಮಾಡಿತೆಂಬಂತೆ ಅವನು ಅಂಗೈಯಲ್ಲಿ ಕಿವಿಯನ್ನು ಮುಚ್ಚಿ ಮುಚ್ಚಿ ತೆಗೆಯುತ್ತಿದ್ದ. ಆವತ್ತೇ ಕೆಲಸ ಬಿಟ್ಟ. ಇಂದುಧರ ತಡೆಯಲಿಲ್ಲ. ಯಾರಾದರೂ ಒಬ್ಬರ ಮೇಲೆ ತಪ್ಪು ಬೀಳಬೇಕಾಗಿತ್ತು. ಅದು ತಾನಾಗಿಯೇ ಮರಿಯಣ್ಣನ ಮೇಲೆ ಬೀಳುತ್ತಿತ್ತು, ಇವನು ಬೀಳಲು ಬಿಟ್ಟ.

ನಂಜಪ್ಪನವರು ತೀರಿಹೋದ ಮೇಲೆ ಅವರ ಮಗ ಸಂತು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದು ಕಂಪನಿ ನೋಡಿಕೊಳ್ಳತೊಡಗಿದ. ಒಳ್ಳೆಯ ಹುಡುಗನೇ. ಭಾವ ಭಾವ ಎಂದು ಗೌರವದಿಂದಲೇ ಮಾತಾಡಿಸುತ್ತಿದ್ದ. ಆದರೆ ಹೊಸ ಬಸ್ಸು ಕೊಂಡಾಗ ಕೇಳಲಿಲ್ಲ, ಬೇಲೂರಿನ ಟೈಮಿಂಗ್ ಬದಲಾಯಿಸಿದಾಗಲೂ ಕೇಳಲಿಲ್ಲ. ಒಂದು ದಿನ ಇಂದುಧರನೇ ಬಾಯಿಬಿಟ್ಟು, ಆ ಹೊತ್ತಿಗೆ ಹಳೇಬೀಡಿನಲ್ಲಿ ಜನ ಸಿಗುವುದಿಲ್ಲ ಎಂದಾಗ ಸಂತು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಅದೆಲ್ಲ ನಾನು ನೋಡ್ಕೋತೀನಿ ಬಿಡಿ ಭಾವ" ಎಂದ. ಜನ ಸಿಗಲಿಲ್ಲ. ಇವನ ಮಾತು ನಿಜವಾಗಿತ್ತೆಂದು ಸಂತು ಹೇಳಲೂ ಇಲ್ಲ.

ಇಂದುಧರ ಬೆಳಿಗ್ಗೆ ತಡವಾಗಿ ಏಳತೊಡಗಿದ. ಆಫೀಸಿಗೆ ಬಂದರೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದ. ಬರೆಯಬೇಕಾದ ಪತ್ರಗಳು ಮೇಜಿನ ಮೇಲೆ ಧೂಳು ಹಿಡಿದವು. ಮೈಗೆ ಏನೂ ಆಗಿರಲಿಲ್ಲ, ಮನೆಯಲ್ಲೂ ತೊಂದರೆಯಿರಲಿಲ್ಲ. ಆದರೂ ಕೈ ಏಳುತ್ತಿರಲಿಲ್ಲ. ಹೆಂಡತಿ ರಾಣಿ, "ನಿಮಗೇನ್ರೀ ಆಗಿದೆ, ಸೋಮಾರಿತನ ಹಿಡೀತಾ?" ಎಂದಾಗ ಮಗ್ಗುಲು ಬದಲಾಯಿಸಿ ಹೊದಿಕೆ ಎಳೆದುಕೊಂಡ.

೨೦೦೫ರಲ್ಲಿ ಒಂದು ಬೆಳಿಗ್ಗೆ ಸಂತು ಏನೋ ಕೇಳಿದ. ಯಾವ ಡ್ರೈವರನ್ನು ಯಾವ ರೂಟಿಗೆ ಹಾಕುವುದು ಎಂಬಂಥ ಸಣ್ಣ ವಿಷಯ. ಬಹಳ ದಿನದ ಮೇಲೆ ಕೇಳಿದ್ದ. ಇಂದುಧರನಿಗೆ ಉತ್ತರವೂ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು, "ನೀನು ಹೇಳಿದ ಹಾಗೆ ಸಂತು."

ಹೇಳಿದವನು ಹಾಗೇ ಕೂತುಬಿಟ್ಟ. ಆ ಮಾತು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಂತು ಅವನನ್ನು ಬೈದಿರಲಿಲ್ಲ, ಹತ್ತು ಜನರೆದುರು ನಗೆಪಾಟಲು ಮಾಡಿರಲಿಲ್ಲ. ಇಷ್ಟಕ್ಕೇ ತನ್ನ ಕೈ ಕಟ್ಟಿಹೋಗಿದ್ದರೆ, ಆ ಮನುಷ್ಯನಿಗೆ ಏನಾಗಿರಬೇಡ? ನಾಲ್ಕು ವರ್ಷ ಸಂಬಳ, ಗಡಿಯಾರ, ಡಾಕ್ಟರು ಎಂದು ಊರೆಲ್ಲ ಹುಡುಕಿದ್ದೆ. ಕಾರಣ ನನ್ನ ಮೇಜಿನ ಮೇಲೇ ಬಂದು ಕೂತಿತ್ತು, ಗುಜರಿಗೆ ಹಾಕು ಅಂದಿದ್ದೆ, ಅಂದುಕೊಂಡ.

ಮುಂದಿನ ಭಾನುವಾರ ಅವನು ಕಣಕಟ್ಟೆ ಬಸ್ಸು ಹತ್ತಿದ. ಮರಿಯಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿಸಿಕೊಂಡರೂ ಆ ಕಾಲೊನಿಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಮರಿಯಣ್ಣನ ಮಗಳು ಭಾಗ್ಯ ಬಾಗಿಲಲ್ಲಿ ಸಿಕ್ಕಳು. ಟೀಚರ್ ಆಗಿದ್ದಾಳೆಂದು ಕೇಳಿದ್ದ. ಒಳಗೆ ಕರೆದು ಕುರ್ಚಿ ಕೊಟ್ಟಳು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಅವಳ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಇತ್ತು.

"ಅಪ್ಪ ತೋಟದ ಕಡೆ ಹೋಗಿದ್ದಾರೆ, ಬರ್ತಾರೆ" ಎಂದಳು. ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಸರ್, ನಾವು ಚಿಕ್ಕವರಿದ್ದಾಗ ಅಪ್ಪ ದಿನಾ ರಾತ್ರಿ ಊಟಕ್ಕೆ ಕೂತಾಗ ಬಸ್ಸುಗಳ ಸುದ್ದಿ ಹೇಳೋರು. ಯಾವುದಕ್ಕೆ ಕೆಮ್ಮು, ಯಾವುದಕ್ಕೆ ಉಬ್ಬಸ ಅಂತ. ನಾವು ನಕ್ಕೂ ನಕ್ಕೂ ಸಾಕಾಗೋದು. ನಾನು ಪಿ.ಯು.ಸಿ. ಓದ್ತಿದ್ದ ವರ್ಷ ಅದು ನಿಂತುಹೋಯ್ತು. ಯಾಕೆ ಅಂತ ಇವತ್ತಿಗೂ ಹೇಳಿಲ್ಲ. ನಿಮಗೆ ಗೊತ್ತಾ?"

ಇಂದುಧರ ಉತ್ತರ ಕೊಡುವಷ್ಟರಲ್ಲಿ ಮರಿಯಣ್ಣ ಬಂದ. ಕೂದಲು ಪೂರ್ತಿ ನೆರೆತಿತ್ತು. ಹಿಂದೆಯೇ ಅವನ ಹೆಂಡತಿ ಮಾರಮ್ಮ ಹುಲ್ಲಿನ ಹೊರೆ ಇಳಿಸಿದಳು. ಇಂದುಧರ ಎದ್ದು ನಿಂತ.

"ಮರಿಯಣ್ಣ, ಆ ಮದುವೆ ದಿನ... ಪ್ಲೇಟಿನ ವಿಷಯ. ನೀವು ಹೇಳಿದ್ದು ಸರಿ ಇತ್ತು. ಮಾರನೇ ದಿನವೇ ನನಗೆ ಗೊತ್ತಾಯ್ತು. ನಾನು ಹೇಳ್ಲಿಲ್ಲ."

ಜೀವನದಲ್ಲಿ ಮೊದಲ ಸಲ ಅವನು ಮರಿಯಣ್ಣನಿಗೆ ನೀವು ಅಂದಿದ್ದ. ಮಾರಮ್ಮ ಕತ್ತೆತ್ತಿ ನೋಡಿದಳು.

"ನಿಮಗೆ ಗೊತ್ತಾಯ್ತು ಅಂತ ನಂಗೂ ಗೊತ್ತಿತ್ತು ಸ್ವಾಮಿ," ಎಂದ ಮರಿಯಣ್ಣ. "ನಿಮ್ಮ ಮುಖ ನೋಡ್ದೆ ತಾನೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಒಂದೊರ್ಸ ಕಾದೆ. ಎಲ್ರ ಮುಂದೆ ಬ್ಯಾಡ, ಮೂಲೇಲಿ ಕರ್ದು ಒಂದು ಮಾತು. ಆಮೇಲೆ ಕಾಯೋದೂ ಬಿಟ್ಟೆ."

"ತಪ್ಪಾಯ್ತು."

"ಬುಡಿ. ಈಗ ನೀವು ಹೇಳಿದ್ದು ನಂಗೆ ಸಾಕು. ಆದ್ರೆ ಬೋರಯ್ಯನ ಕಾಲು? ಅದಕ್ಕೆ ಯಾರು ತಪ್ಪಾಯ್ತು ಅಂದ್ರೆ ತಾನೆ ಏನು? ನೀವು ನನ್ನ ಬಾಯಿ ಮುಚ್ಸಿದ್ರಿ, ದಿಟ. ಕಿವಿ ಮುಚ್ಕಂಡೋನು ನಾನೇ."

"ಅದರಲ್ಲಿ ನನ್ನ ಪಾಲೂ ಇದೆ."

"ಐತೆ," ಎಂದ ಮರಿಯಣ್ಣ. ಇಲ್ಲವೆಂದು ಸಮಾಧಾನ ಹೇಳಲಿಲ್ಲ. "ಅವನ ಮುಖ ನೋಡಾಕೆ ನಂಗೆ ಇನ್ನೂ ಧೈರ್ಯ ಬಂದಿಲ್ಲ ಸ್ವಾಮಿ. ಅವನಿರೋ ಹಳೇಬೀಡಿನ ದಾರಿನೇ ಬುಟ್ಟಿದ್ದೀನಿ."

ಭಾಗ್ಯ ಕಾಫಿ ತಂದಳು. ಕುಡಿದು ಲೋಟ ಇಡುವಾಗ ಇಂದುಧರ ಮತ್ತೆ ಶೆಡ್ಡಿಗೆ ಬರುತ್ತೀರಾ ಎಂದು ಕೇಳಲು ಹೊರಟವನು ಸುಮ್ಮನಾದ. ಕೇಳುವ ಅಧಿಕಾರ ಈಗ ಅವನಿಗೂ ಇರಲಿಲ್ಲ.

ಅದೇ ವಾರ ಅವನು ಹಳೇಬೀಡಿಗೆ ಹೋದ. ಬೋರಯ್ಯ ಬಸ್ ಸ್ಟ್ಯಾಂಡಿನ ಹತ್ತಿರ ಬೀಡಾ ಅಂಗಡಿ ಇಟ್ಟುಕೊಂಡಿದ್ದ. ಮರದ ಕಾಲನ್ನು ಸ್ಟೂಲಿನ ಕೆಳಗೆ ಚಾಚಿ ಕೂತಿದ್ದ. ಇಂದುಧರ ಎಲ್ಲವನ್ನೂ ಮೊದಲಿನಿಂದ ಹೇಳಿದ. ಪ್ಲೇಟು ನಿಜವಾಗಿಯೂ ಸೀಳಿತ್ತೆಂಬುದು ಬೋರಯ್ಯನಿಗೆ ಗೊತ್ತೇ ಇರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು.

"ಅವತ್ತು ಆ ದಿಬ್ಬಣ ಹೊತ್ಕಂಡು ಬಂದೋನು ನಾನು," ಎಂದ ನಿಧಾನವಾಗಿ. "ಅವನು ನನ್ನ ಜೀವ ಉಳ್ಸಾಕೆ ಅಡ್ಡ ನಿಂತಿದ್ದ. ಸಾಯಂಕಾಲ ಎಲ್ರಿಗಿಂತ ಜೋರಾಗಿ ನಕ್ಕೋನೂ ನಾನೇ ಅಲ್ವ್ರಾ."

ಇಂದುಧರ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತ.

"ನಾಲ್ಕು ವರ್ಸದಿಂದ ಅವನ್ನ ಬೈಕೊಂಡು ಕೂತಿದ್ದೀನಿ ಸ್ವಾಮಿ. ಬೈಯೋಕೆ ಯಾರಾದ್ರೂ ಒಬ್ರು ಬೇಕಾಯ್ತಲ್ಲ ನಂಗೂ." ಬೋರಯ್ಯ ಅಂಗಡಿಯ ಗಾಜಿನ ಡಬ್ಬಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿದ. "ನಾನ್ ಹೋಗ್ಬತ್ತೀನಿ ಅವನತ್ರ. ನೀವು ಬರ್ಬೇಡಿ."

"ಶೆಡ್ಡಿನ ಜೀಪಿನಲ್ಲಿ ಬಿಟ್ಟುಬರ್ತೀನಿ..."

"ಬ್ಯಾಡ. ನೀವಿದ್ರೆ ಅವನು ಬಾಯಿ ಬಿಡಾಕಿಲ್ಲ. ನಾನೂ ಬಿಡಾಕಿಲ್ಲ."

ಮುಂದಿನ ಸೋಮವಾರ ಬೋರಯ್ಯ ಅರಸೀಕೆರೆಯಲ್ಲಿ ಇಳಿದು ಕಣಕಟ್ಟೆ ಬಸ್ಸಿಗೆ ಕಾಯುತ್ತಿದ್ದದ್ದನ್ನು ಇಂದುಧರ ಆಫೀಸಿನ ಕಿಟಕಿಯಿಂದ ನೋಡಿದ. ಊರುಗೋಲಿನ ಜೊತೆ ಒಂದು ಕೈಚೀಲ, ಅದರಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಬಸ್ಸು ಬಂದಾಗ ಯಾರೋ ಕೈಹಿಡಿದು ಹತ್ತಿಸಿದರು. ಇಂದುಧರ ಎದ್ದು ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತ.

ಅವರಿಬ್ಬರೂ ಏನು ಮಾತಾಡಿದರೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಕೇಳುವ ಬಾಯಿಯೂ ಬರಲಿಲ್ಲ. ಬೋರಯ್ಯ ಎರಡು ದಿನ ಅಲ್ಲೇ ಉಳಿದನೆಂದು ಕಣಕಟ್ಟೆ ಬಸ್ಸಿನ ಕಂಡಕ್ಟರ್ ಹೇಳಿದ. ಮೂರನೆಯ ದಿನ ವಾಪಸ್ಸು ಬರುವಾಗ ಬಸ್ಸಿನವರೆಗೂ ಬಂದು ಹತ್ತಿಸಿ ಹೋದವರು ಮಾರಮ್ಮ ಮತ್ತು ಮರಿಯಣ್ಣ ಇಬ್ಬರೂ ಅಂತೆ.